ಡಿವೈಡರಿನ ಕಣಗಿಲೆ

ಹೆದ್ದಾರಿಗಳ ಡಿವೈಡರಿನಲ್ಲಿ ಕಣಗಿಲೆಯನ್ನೇ ಯಾಕೆ ನೆಡುತ್ತಾರೆ ಎಂದು ಬಸ್ಸಿನಲ್ಲಿ ಪಕ್ಕ ಕೂತಿದ್ದ ಗೆಳೆಯನೊಬ್ಬ ಕೇಳಿದ. ಎದುರಿನ ಗಾಡಿಯ ಹೆಡ್‌ಲೈಟು ಚಾಲಕನ ಕಣ್ಣಿಗೆ ಹೊಡೆಯಬಾರದು, ಗಿಡ ಹೆಚ್ಚು ನೀರು ಕೇಳಬಾರದು, ಎಲೆಯಲ್ಲಿ ವಿಷವಿರುವುದರಿಂದ ದನ, ಆಡು ಬಾಯಿ ಹಾಕುವುದಿಲ್ಲ. ಎಲ್ಲವೂ ಸರಿಯಾದ ಕಾರಣಗಳೇ. ಆದರೆ ಆ ಹಸಿರು ಯಾರಿಗೂ ನೆರಳು ಕೊಡುವುದಿಲ್ಲ. ಅದು ನಿಂತಿರುವ ಜಾಗದಲ್ಲಿ ಮನುಷ್ಯರು ನಡೆಯುವುದೂ ಇಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಈಗ ಕೂಡುರಸ್ತೆಯೊಂದನ್ನು ಮೇಲ್ದರ್ಜೆಗೆ ಏರಿಸುವಾಗ ನಕ್ಷೆಯ ಅಂಚಿನಲ್ಲಿ ಹಸಿರು ಪಟ್ಟಿಯೊಂದನ್ನು ಎಳೆದು ಅದಕ್ಕೆ ‘ಗ್ರೀನ್‌ವೇ’ ಎಂದು ಹೆಸರಿಡುವುದು ರೂಢಿಯಾಗುತ್ತಿದೆ. ಹೊಸ ವಿಚಾರವೆಂಬಂತೆ ಅದನ್ನು ನಮಗೆ ವಿವರಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಸಾಲುಮರ ಎಂಬ ಮಾತಿದೆ. ದಾರಿಯ ಪಕ್ಕ ಆಲ ನೆಡಿಸಿದೆ, ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲಿ ಎಂದು ಅಶೋಕ ಶಾಸನದಲ್ಲೇ ಹೇಳಿಕೊಂಡಿದ್ದಾನೆ. ಅವನ ಪಟ್ಟಿಯಲ್ಲಿ ಹೆಡ್‌ಲೈಟು ಇರಲಿಲ್ಲ, ಸರಿ. ನಡೆಯುವವರಿದ್ದರು.

ಕೊತ್ತತ್ತಿ ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರ. ಕಬ್ಬು, ಭತ್ತ, ನಾಲೆ ನೀರಿನ ಸೀಮೆ. ಕಬ್ಬು ಕಟಾವಿನ ಕಾಲದಲ್ಲಿ ಇಲ್ಲಿನ ರಸ್ತೆ ಟ್ರ್ಯಾಕ್ಟರಿನದು, ಎತ್ತಿನ ಗಾಡಿಯದು, ಹುಲ್ಲಿನ ಹೊರೆ ಹೊತ್ತ ಹೆಂಗಸಿನದು. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದ ಸುಮಾರು 118 ಕಿಲೋಮೀಟರ್. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ವಾರ ಕಳೆಯುವುದರೊಳಗೆ ರಾಮನಗರದ ಬಳಿಯ ಕೆಳಸೇತುವೆಯಲ್ಲಿ ಮಳೆನೀರು ನಿಂತಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಸಾವುಗಳನ್ನು ನೋಡಿದವರಾರೂ ಅದನ್ನು ತಪ್ಪೆನ್ನಲಾರರು. ಆದರೆ ಅದರ ಅರ್ಥವನ್ನು ಪೂರ್ತಿ ಓದಬೇಕು. ನಿಧಾನವಾಗಿ ಚಲಿಸುವ ಎಲ್ಲವನ್ನೂ ಒಂದೇ ಸರ್ವಿಸ್ ರಸ್ತೆಗೆ ತಳ್ಳಿದ್ದೇವೆ. ಹಾಗಿದ್ದರೆ ಮರ ಬೇಕಾದದ್ದೂ ಅಲ್ಲೇ ತಾನೆ? ಎಸಿ ಹಾಕಿ ಗಾಜು ಏರಿಸಿಕೊಂಡು ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವವನಿಗೆ ನೆರಳು ಯಾಕೆ?

ದುಡ್ಡಿಲ್ಲ ಎನ್ನುವಂತಿಲ್ಲ. ಕೇಂದ್ರದ 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಯೋಜನಾ ವೆಚ್ಚದ ಶೇ. 1ರಷ್ಟು ಹಣವನ್ನು ಗಿಡ ನೆಟ್ಟು ಕಾಯುವುದಕ್ಕೆಂದೇ ತೆಗೆದಿಡಬೇಕು. ಕಾನೂನಿಲ್ಲ ಎನ್ನುವಂತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ, 50ಕ್ಕಿಂತ ಹೆಚ್ಚು ಮರ ಕಡಿಯುವ ಮುನ್ನ ಸಾರ್ವಜನಿಕರ ಆಕ್ಷೇಪ ಕರೆಯಬೇಕು. ತೊಂದರೆ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಆಕ್ಷೇಪ ಕರೆಯುವ ಹೊತ್ತಿಗೆ ಕೂಡುರಸ್ತೆಯ ನಕ್ಷೆ ಮುಗಿದಿರುತ್ತದೆ. ಉಳಿಯುವುದು ಯಾವ ಮರ, ಎಷ್ಟು ಸಸಿ ಎಂಬ ಚೌಕಾಸಿ ಮಾತ್ರ.

2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡಲು ಹೊರಟಾಗ ಆದದ್ದು ಇದೇ. ಹಲಗೂರು ನಮ್ಮ ಮಳವಳ್ಳಿ ತಾಲ್ಲೂಕಿನದು. ಆ ರಸ್ತೆ ಮಾಗಡಿ ತಾಲ್ಲೂಕಿನ ಹುಲಿಕಲ್ಲು–ಕುದೂರಿನ ನಡುವೆ ಹಾಯುವಲ್ಲಿ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳಿದ್ದವು. ಅದೇ ವರ್ಷ ಪದ್ಮಶ್ರೀ ಪಡೆದ, ನೂರು ದಾಟಿದ ಆ ಅಜ್ಜಿ ಮುಖ್ಯಮಂತ್ರಿಯ ಬಳಿ ಹೋಗಿ ಮರ ಉಳಿಸಿ ಎಂದು ಕೇಳಬೇಕಾಯಿತು. ಬೇರೆ ದಾರಿ ಹುಡುಕುತ್ತೇವೆ ಎಂದು ಸರ್ಕಾರ ಹೇಳಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನಗೆ ಈಗಲೂ ಬಗೆಹರಿಯದ್ದು ಬೇರೆಯೇ ಇದೆ. ಇಡೀ ನಾಡು ಬಲ್ಲ ಆ ಮರಗಳು ಮೊದಲ ನಕ್ಷೆ ಬರೆದವರಿಗೆ ಅಡ್ಡಿಯಾಗಿ ಕಂಡವೇ ಹೊರತು ದಾರಿಯಾಗಿ ಕಾಣಲಿಲ್ಲ. ಪದ್ಮಶ್ರೀ ಇಲ್ಲದವರು ಬೆಳೆಸಿದ ಹುಣಸೆಸಾಲಿನ ಗತಿ ಏನು?

ಸಾಹಿತ್ಯದ ಮಂದಿಯಾದ ನಾವೂ ಈ ಮಾತಿನಿಂದ ತಪ್ಪಿಸಿಕೊಳ್ಳಬಾರದು. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನ ಉಕ್ಕಿನ ಸೇತುವೆಯ ವಿರುದ್ಧ ಜನ ಸರಪಳಿಯಾಗಿ ನಿಂತರು, ಮರುವರ್ಷ ಯೋಜನೆ ರದ್ದಾಯಿತು. ಹಳ್ಳಿಯ ಕೂಡುರಸ್ತೆಗೆ ಅಂಥ ಸರಪಳಿ ಸಿಗುವುದಿಲ್ಲ. ಅದಕ್ಕೆ ಸಿಗುವುದು ಕಡಿದಾದ ಮೇಲೆ ಬರೆದ ನಮ್ಮ ಒಂದು ಕವಿತೆ.

ರಸ್ತೆಗೆ ಅಂಟಿಕೊಂಡ ದಪ್ಪ ಮರ ರಾತ್ರಿ ಬೈಕಿನವನ ಜೀವ ತೆಗೆಯುತ್ತದೆ ಎಂದು ಎಂಜಿನಿಯರುಗಳು ಹೇಳುತ್ತಾರೆ. ನಿಜ. ಅದಕ್ಕೆ ಅವರದೇ ಶಾಸ್ತ್ರದಲ್ಲಿ ಉತ್ತರವಿದೆ: ರಸ್ತೆಯನ್ನು ಒಂದೇ ಬದಿಗೆ ಅಗಲಿಸುವುದು. ಆಗ ಇನ್ನೊಂದು ಬದಿಯ ಹಳೆಯ ಸಾಲನ್ನು ವಾಹನಗಳಿಂದ ದೂರವಿಟ್ಟು ಉಳಿಸಿಕೊಂಡು, ಅದರ ಬುಡದಲ್ಲೇ ನಡೆಯುವ ದಾರಿ ಮಾಡಬಹುದು. ಇದರಿಂದ ಒಂದೇ ಬದಿಯ ಗದ್ದೆಯವನು ಹೆಚ್ಚು ಭೂಮಿ ಕಳೆದುಕೊಳ್ಳುತ್ತಾನೆ. ಅವನ ಕೂಗು ನ್ಯಾಯವಾದದ್ದು, ಇದಕ್ಕೆ ನನ್ನಲ್ಲಿ ಸುಲಭದ ಸಮಾಧಾನವಿಲ್ಲ. ಅವನ ಪರಿಹಾರವನ್ನೂ ಹಸಿರು ದಾರಿಯ ಖರ್ಚೆಂದೇ ಬರೆಯಿರಿ ಎನ್ನಬಲ್ಲೆ. ಸಸಿಯ ಬೆಲೆಯನ್ನಷ್ಟೇ ಲೆಕ್ಕ ಹಾಕುವುದರಿಂದಲೇ ಗ್ರೀನ್‌ವೇ ಇಷ್ಟು ಅಗ್ಗವಾಗಿ ಕಾಣುತ್ತದೆ.

ಇನ್ನು ಕೂಡುರಸ್ತೆ. ಹಸಿರು ಪಟ್ಟಿ ನಕ್ಷೆಯಲ್ಲಿ ಎಷ್ಟೇ ಉದ್ದವಿರಲಿ, ತುಂಡಾಗುವುದು ಅಲ್ಲೇ. ಮೂಲೆಯ ತಿರುವನ್ನು ದೊಡ್ಡದು ಮಾಡಿದಷ್ಟೂ ಲಾರಿ ವೇಗ ಇಳಿಸದೆ ಎಡಕ್ಕೆ ಹೊರಳುತ್ತದೆ, ದಾಟುವವಳು ನಡೆಯಬೇಕಾದ ಟಾರಿನ ಅಗಲವೂ ಹೆಚ್ಚುತ್ತದೆ. ಮೇಲ್ದರ್ಜೆ ಎಂದರೆ ಹೆಚ್ಚಾಗಿ ಇಷ್ಟೇ ಆಗಿರುತ್ತದೆ. ತಿರುವನ್ನು ಬಿಗಿ ಮಾಡಿ, ದಾಟುವ ಜಾಗವನ್ನು ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದರೆ ಗಾಡಿಯವನು ಬ್ರೇಕು ಒತ್ತಲೇಬೇಕು. ಕಾಲುದಾರಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದೆ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡವೇ ಹೇಳುತ್ತದೆ. ಇದು ನನ್ನ ಕಲ್ಪನೆಯಲ್ಲ.

ನಮ್ಮ ಕಡೆಯ ಕೂಡುರಸ್ತೆಗೂ ಒಂದು ದಿನ ಇಂಥ ನಕ್ಷೆ ಬರುತ್ತದೆ. ಅದನ್ನು ಬರೆಯುವವರು ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ಬಂದು ಬಸ್ಸಿಗೆ ಕಾಯುವವರು ಎಲ್ಲಿ ನಿಂತಿದ್ದಾರೆ ಎಂದು ನೋಡಲಿ. ಬಹುಶಃ ಅವರು ತಂಗುದಾಣದ ಕಾದ ಶೀಟಿನಡಿ ಇರುವುದಿಲ್ಲ, ಆಚೆಯ ಹುಣಸೆಮರದ ಕೆಳಗಿರುತ್ತಾರೆ. ಕಾಂಡಕ್ಕೆ ಕಡಿಯುವ ಸಂಖ್ಯೆ ಬರೆಯಲು ಬಣ್ಣದ ಡಬ್ಬಿ ತಂದವನೂ ಬಿಸಿಲಿಗೆ ಅಲ್ಲೇ ನಿಂತಿರುತ್ತಾನೆ.