ಬೆಟ್ಟದ ಹುಲ್ಲು ಬರಿದಾದ ನೆಲವಲ್ಲ



ನೀಲಗಿರಿಗೆ ಪ್ರವಾಸ ಹೋಗಿ ಬಂದ ಹೆಣ್ಣುಮಕ್ಕಳು ಉದಕಮಂಡಲದ ಕೆರೆಯನ್ನೂ ಹೂದೋಟವನ್ನೂ ಕುರಿತು ಉತ್ಸಾಹದಿಂದ ಬರೆಯುವರು. ಏರಿ ಹೋದ ದಾರಿಯನ್ನು ಕುರಿತು ಬರೆಯುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಆ ದಾರಿಯೇ ಅಲ್ಲಿಯ ಉತ್ತಮ ಪಾಠಶಾಲೆ.

ಮೆಟ್ಟುಪಾಳ್ಯದಿಂದ ಹೊರಡುವ ಬೆಟ್ಟದ ರೈಲು ಸುಮಾರು 326 ಮೀಟರ್ ಎತ್ತರದಿಂದ 2,203 ಮೀಟರ್ ಎತ್ತರಕ್ಕೆ 46 ಕಿಲೋಮೀಟರುಗಳಲ್ಲಿ ಏರುತ್ತದೆ. ಮೇಲೇರಿದಷ್ಟೂ ಗಾಳಿ ತಂಪಾಗುವುದರಿಂದ ಬುಡಕ್ಕೂ ತುದಿಗೂ ಹತ್ತು ಡಿಗ್ರಿಗೆ ಮೀರಿದ ಅಂತರವುಂಟು. ಬುಡದಲ್ಲಿ ಬಿಸಿಲು ಹೆಚ್ಚು, ಮಳೆ ಕಡಿಮೆ. ಆದಕಾರಣ ಮುಳ್ಳುಗಿಡಗಳೂ ಬಿದಿರೂ ಎಲೆಯುದುರುವ ಮರಗಳೂ ಬೆಳೆಯುತ್ತವೆ. ನಡುವಣ ಇಳಿಜಾರುಗಳಲ್ಲಿ ಶಾಖವೂ ತೇವವೂ ಒಟ್ಟಿಗೆ ದೊರೆಯುವಲ್ಲಿ ನಿತ್ಯಹಸುರಿನ ಮರಗಳು, ಬಳ್ಳಿಗಳು, ಜರೀಗಿಡಗಳು ದಟ್ಟವಾಗುತ್ತವೆ. ಚಹದ ತೋಟಗಳು ಇವುಗಳಲ್ಲಿ ಬಹುಪಾಲನ್ನು ನುಂಗಿವೆ. ತುದಿಯಲ್ಲಾದರೋ ತಗ್ಗಿನ ಕಣಿವೆಗಳಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ಅಡವಿ. ಸುತ್ತಲೂ ಬಯಲಾದ ಹುಲ್ಲುಗಾವಲು.

ಈ ಹುಲ್ಲುಗಾವಲನ್ನು ಕಂಡವರು, "ಅಯ್ಯೋ, ಇಲ್ಲಿ ಮರಗಳಿಲ್ಲವಲ್ಲಾ!" ಎಂದು ಮರುಗುವುದುಂಟು. ಆದರೆ ಚಳಿಗಾಲದ ರಾತ್ರಿಗಳಲ್ಲಿ ಇಬ್ಬನಿಯು ಹೆಪ್ಪುಗಟ್ಟಿ ಬಯಲಿನ ಎಳೆಯ ಸಸಿಗಳನ್ನು ಸುಡುತ್ತದೆ. ಹುಲ್ಲು ತನ್ನ ಮೊಗ್ಗನ್ನು ನೆಲದೊಳಗೆ ಅಡಗಿಸಿಕೊಂಡು ಬದುಕುತ್ತದೆ. ಬೆಂಕಿಗೂ ದನಗಳ ಮೇವಿಗೂ ಇದರಲ್ಲಿ ಪಾಲುಂಟೆಂಬುದು ನಿಜವೇ. ಆದಾಗ್ಯೂ ಅಲ್ಲಿಯ ಜವುಗುಮಣ್ಣನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಹರಡಿತ್ತೆಂದು ಕಂಡುಕೊಂಡಿದ್ದಾರೆ. ಈ ಬಯಲಿನ ಅಂಚಿನಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರನ್ ಮರದ ಹತ್ತಿರದ ಬಂಧುಗಳು ಇರುವುದು ದೂರದ ಹಿಮಾಲಯದಲ್ಲಿ. ನಡುವಣ ಬಿಸಿ ಬಯಲುಸೀಮೆಯಲ್ಲಿ ಅದಕ್ಕೆ ನೆಲೆಯಿಲ್ಲ.

ಹೀಗಿರಲಾಗಿ 19ನೆಯ ಶತಮಾನದಲ್ಲಿ ಪರದೇಶದಿಂದ ಬಂದವರು ಈ ನೆಲವನ್ನು ಬರಿದೆಂದು ಎಣಿಸಿ ಆಸ್ಟ್ರೇಲಿಯದ ಯೂಕಲಿಪ್ಟಸ್, ವ್ಯಾಟಲ್ ಮರಗಳನ್ನು ನೆಟ್ಟರು. ಸ್ವಾತಂತ್ರ್ಯಾನಂತರ ನಮ್ಮವರೂ ಅದನ್ನೇ ವಿಸ್ತರಿಸಿದರು. ಸೌದೆ ಬೇಕಾಗಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವ್ಯಾಟಲ್ ತಾನಾಗಿಯೇ ಹಬ್ಬಿ ಹುಲ್ಲನ್ನು ಮುಚ್ಚುತ್ತಿದೆ. ಕನ್ನಡಿಗರಾದ ನಾವು ಯೂಕಲಿಪ್ಟಸನ್ನು "ನೀಲಗಿರಿ ಮರ"ವೆಂದೇ ಕರೆಯುತ್ತೇವೆ! ಬೆಟ್ಟದ ಹೆಸರನ್ನು ಹೊರಗಿನಿಂದ ಬಂದ ಮರಕ್ಕೆ ಕೊಟ್ಟು, ಬೆಟ್ಟದ ಮಕ್ಕಳನ್ನು ಮರೆತಿದ್ದೇವೆ.

ಇದಕ್ಕಿಂತ ದೊಡ್ಡ ಚಿಂತೆಯೊಂದುಂಟು. ಲೋಕದ ಉಷ್ಣತೆಯು ಏರುತ್ತಿದೆ. ಬುಡದ ಗಿಡಗಳು ತಲೆಮಾರಿನಿಂದ ತಲೆಮಾರಿಗೆ ತಂಪನ್ನು ಅರಸಿ ಮೇಲಕ್ಕೆ ಸರಿಯಬಹುದು. ಶಿಖರದಲ್ಲಿ ಇರುವವುಗಳಿಗೆ ಮೇಲೆ ಇನ್ನೊಂದು ಬೆಟ್ಟವಿಲ್ಲ.

ನಮ್ಮ ಕರ್ತನು ಬೋಧಿಸುವಾಗ ಅಡವಿಯ ಹೂವನ್ನೂ ಹುಲ್ಲನ್ನೂ ತೋರಿಸಿ ಕಲಿಸಿದನು, ಹುಲ್ಲೆಂದು ಕಡೆಗಣಿಸಲಿಲ್ಲ. ಗಿಡ ನೆಡುವುದು ಪುಣ್ಯಕಾರ್ಯವೆಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಶಾಲೆಯ ಅಂಗಳದಲ್ಲಿ, ಬೀದಿಯ ಬದಿಯಲ್ಲಿ ಅದು ಪುಣ್ಯಕಾರ್ಯವೇ ಸರಿ. ಆದರೆ ಯಾವ ನೆಲಕ್ಕೆ ಯಾವುದು ತಕ್ಕದ್ದೆಂದು ಅರಿಯದ ಪ್ರೀತಿಯು ಕೇಡನ್ನೂ ಮಾಡಬಲ್ಲದು. ಆದಕಾರಣ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮುಂದಿನ ಸಲ ಮಕ್ಕಳೊಡನೆ ಬೆಟ್ಟವನ್ನು ಏರುವಾಗ ಅವರನ್ನು ಕಿಟಕಿಯ ಬಳಿ ಕೂರಿಸಿರಿ, ಗಿಡಗಳು ಎಲ್ಲೆಲ್ಲಿ ಬದಲಾಗುವವೆಂದು ಬರೆದಿಡಲು ಹೇಳಿರಿ. ತುದಿಯನ್ನು ಸೇರಿದ ಮೇಲೆ ಆ ಹುಲ್ಲಿನ ಹೆಸರನ್ನು ಕೇಳಿ ತಿಳಿಯಲಿ.