ಗಿನಿ ಕೋಳಿ ತರೋ ಮುಂಚೆ ಒಂದು ಮಾತು

"ಅಣ್ಣಾ, ಗಿನಿ ಕೋಳಿ ಸಾಕಿದ್ರೆ ತೋಟಕ್ಕೆ ಹಾವು ಬರಲ್ವಂತೆ, ನಿಜಾನಾ?" ಅಂತ ಈ ವಾರದಲ್ಲಿ ಇಬ್ಬರು ಕೇಳಿದ್ರು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ. ಇದೇ ಆಸೆಗೆ ಬಿದ್ದು 2 ವರ್ಷದ ಹಿಂದೆ 6 ಮರಿ ತಂದವನು ನಾನು.

ಹಾವು ಬಂದೇ ಬರುತ್ತೆ. ಇವು ಕಂಡ ತಕ್ಷಣ ಕಿರುಚುತ್ತವೆ, ಅಷ್ಟೇ. ಬೈಕ್ ಬಂದ್ರೂ ಕಿರುಚುತ್ತವೆ, ಗಾಳಿಗೆ ಗೊಬ್ಬರದ ಚೀಲ ಹಾರಿದ್ರೂ ಕಿರುಚುತ್ತವೆ. ಗೆದ್ದಲು, ಮಿಡತೆ, ಹುಲ್ಲಲ್ಲಿರೋ ಉಣ್ಣೆ ಹೆಕ್ಕಿ ತಿನ್ನೋದು ನಿಜ. ಆದರೆ ಹಸುವಿನ ಮೈಮೇಲಿನ ಉಣ್ಣೆಗೆ ಡಾಕ್ಟ್ರು ಬರೆದ ಔಷಧಿನೇ ಬೇಕು. ಮರಿಗಳಿಗೆ ಮೊದಲ ಎರಡು ಮೂರು ವಾರ ಥಂಡಿ ಆಗಲ್ಲ. ಇಬ್ಬನಿ ಬಿದ್ದ ಹುಲ್ಲಿಗೆ ಬಿಟ್ಟು 2 ಕಳಕೊಂಡೆ. ದೊಡ್ಡವಾದ ಮೇಲೆ ಸಂಜೆ ಗೂಡಿಗೆ ಬಾ ಅಂದ್ರೆ ಬರಲ್ಲ, ಮರ ಹತ್ತಿ ಕೂರುತ್ತವೆ. ಹಾಗೇ ಇನ್ನೂ 3 ನಾಯಿ, ಮುಂಗುಸಿ ಪಾಲಾದವು.

ಉಳಿದದ್ದು ಒಂದು ಹೆಣ್ಣು. ಕೂಗಿನಿಂದ ಗೊತ್ತಾಯ್ತು, ಎರಡು ಸ್ವರದ ಕೂಗು ಹೆಣ್ಣಿಗೆ ಮಾತ್ರ. ಬರೇಲಿ ಹತ್ರ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಒಂದರ ಹೆಸರು ಕಾದಂಬರಿ. ಬೂದಿ ಮೈ ಮೇಲೆ ಬಿಳಿ ಚುಕ್ಕಿ. ನಮ್ಮದೂ ಹಾಗೇ ಇದೆ ಅಂತ ಮಗಳು ಅದೇ ಹೆಸರಿಟ್ಟಳು. ಓದೋ ಕಾದಂಬರಿ ಆಗಿದ್ರೆ ಮುಚ್ಚಿಡಬಹುದಿತ್ತು. ಇದು ಬೆಳಗ್ಗೆ ಐದೂವರೆಗೆ ಶುರು ಮಾಡಿದ್ರೆ ಮಧ್ಯಾಹ್ನ ಆದ್ರೂ ಮುಗಿಯಲ್ಲ.

"ಸಾರು ಮಾಡಿ ಪುಣ್ಯ ಕಟ್ಕೊಳ್ಳಿ" ಅಂದ್ರು ಪಕ್ಕದ ತೋಟದವರು. ಮಾರಮ್ಮನ ಹಬ್ಬಕ್ಕೆ ಅಂತ ನಾನೂ ಒಪ್ಪಿದ್ದೆ. ಅಷ್ಟರಲ್ಲಿ ಅದು ನನ್ನ ಹಿಂದೆ ಓಡಾಡೋಕೆ ಶುರು ಮಾಡಿತ್ತು. ಗುಂಪಲ್ಲಿ ಬದುಕೋ ಹಕ್ಕಿ, ಒಂಟಿ ಇರೋಕೆ ಆಗಲ್ಲ. ಡ್ರಿಪ್ ಪೈಪ್ ನೋಡ್ತಾ ಹೋದ್ರೆ ಎರಡು ಮಾರು ಹಿಂದೆ ಬರುತ್ತೆ, ನಾನು ನಿಂತ್ರೆ ನಿಲ್ಲುತ್ತೆ. ಮುಟ್ಟೋಕೆ ಮಾತ್ರ ಬಿಡಲ್ಲ. ಪಂಪ್‌ಹೌಸ್ ಒಳಗೆ ಹೋದ್ರೆ ಬಾಗಿಲಲ್ಲಿ ನಿಂತು ಕೂಗುತ್ತೆ. ಅದು ಜೊತೆಯವರನ್ನ ಕರೆಯೋ ಕೂಗು ಅಂತ ಆಮೇಲೆ ತಿಳೀತು. ಅಲ್ಲಿಂದಾಚೆ ಆ ಸದ್ದಿಗೆ ಬೈಯೋಕೆ ಬಾಯಿ ಬರಲಿಲ್ಲ.

ಹಬ್ಬದ ಹಿಂದಿನ ರಾತ್ರಿ ಟಾರ್ಚ್ ಹಿಡಿದು ನುಗ್ಗೆ ಮರದ ಕೆಳಗೆ ಹೋದೆ. ಕೈಗೆ ಎಟುಕೋ ಕೊಂಬೆಯಲ್ಲೇ ಕೂತಿತ್ತು. ಬೆಳಕಿಗೆ ಕಣ್ಣು ಬಿಟ್ಟು ಮೆಲ್ಲಗೆ ಗೊಣಗಿತು. ಗೊಬ್ಬರದ ಚೀಲಕ್ಕೂ ಕಿರುಚೋದು, ನನ್ನ ನೋಡಿ ಕಿರುಚಲಿಲ್ಲ. ವಾಪಸ್ ಬಂದೆ. ಬೆಳಗ್ಗೆ ಅಂಗಡಿಯಿಂದ ಬ್ರಾಯ್ಲರ್ ತಂದ್ವಿ.

ಹೋರಿ ಮಾರಿದವನು, ಟಗರು ಮಾರಿದವನು ನಾನು. ಲೆಕ್ಕ ಬಿಟ್ಟು ಪ್ರಾಣಿ ಸಾಕಿದ್ರೆ ರೈತ ಉಳಿಯಲ್ಲ ಅಂತ ಈಗಲೂ ಹೇಳ್ತೀನಿ. ಇದಕ್ಕೆ ಮಾತ್ರ ಲೆಕ್ಕ ಇಲ್ಲ. ಕೇಳಿದವರಿಗೆಲ್ಲ "ಉಣ್ಣೆ ತಿನ್ನುತ್ತೆ, ಅದಕ್ಕೇ ಇಟ್ಕೊಂಡಿದೀನಿ" ಅಂತಿದ್ದೆ. ಸುಳ್ಳು. ಪ್ರೀತಿ ಆಗಿದೆ, ಇಟ್ಕೊಂಡಿದೀನಿ. ಹಾಗಂದ್ರೆ ನಗ್ತಾರೆ ಅನ್ನೋ ನಾಚಿಕೆ ನಮಗೆ ಯಾಕೋ.

ತರೋದಾದ್ರೆ ಐದಾರಕ್ಕಿಂತ ಕಡಿಮೆ ತರಬೇಡಿ. ಊರೊಳಗೆ ಮನೆ ಇದ್ದರೆ ಬೇಡವೇ ಬೇಡ. ಅದು ಒಂಟಿಯಾಗಿ ನನ್ನನ್ನೇ ನಂಬಿಕೊಂಡಿರೋದು ನನಗೆ ಖುಷಿ, ಅದಕ್ಕೆ ನ್ಯಾಯ ಅಲ್ಲ. ಯಾರ ಹತ್ರಾದ್ರೂ ಬೆಳೆದ ಗಿನಿ ಕೋಳಿ ಮೂರ್ನಾಲ್ಕು ಇದ್ರೆ ತಿಳಿಸಿ, ಬಂದು ತಗೊಂಡು ಹೋಗ್ತೀನಿ. ಮರಿ ಬೇಡ. ಪಕ್ಕದ ತೋಟದವರಿಗೆ ಇನ್ನೂ ಹೇಳಿಲ್ಲ.