ಫೋನಿನಲ್ಲಿ ಕಾಣುವ ಲೆಕ್ಕ, ಅಂಗಡಿಯಲ್ಲಿ ಉಳಿಯುವ ಲೆಕ್ಕ

2025ರ ಜುಲೈಯಲ್ಲಿ ಬೆಂಗಳೂರಿನ ಅನೇಕ ಬೇಕರಿ, ಬೀಡಾ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಮಾಹಿತಿ ತಂತ್ರಜ್ಞಾನಕ್ಕೆ ಹೆಸರಾದ ನಗರದಲ್ಲೇ ಸಣ್ಣ ವ್ಯಾಪಾರಿಗಳು ಕ್ಯುಆರ್ ಕೋಡನ್ನು ಕಿತ್ತು ಹಾಕಿದ್ದೇಕೆ? ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂ.ಗಿಂತ ಹೆಚ್ಚು ಹಣ ಪಡೆದಿದ್ದರೂ ನೋಂದಣಿ ಮಾಡಿಸಿಕೊಂಡಿಲ್ಲವೆಂದು ವಾಣಿಜ್ಯ ತೆರಿಗೆ ಇಲಾಖೆಯು ಅವರಿಗೆ ಜಿಎಸ್‌ಟಿ ನೋಟಿಸು ಕಳುಹಿಸಿತ್ತು.

ತೆರಿಗೆ ಕೇಳುವುದೇ ತಪ್ಪೆಂದು ಯಾರೂ ಹೇಳಲಾರರು. ಆದರೆ ಖಾತೆಗೆ ಬಂದ ಹಣವೆಲ್ಲ ಲಾಭವಲ್ಲ. ಕೆಲವೊಮ್ಮೆ ಅದು ವ್ಯಾಪಾರದ ಹಣವೂ ಅಲ್ಲ. ಹಾಲಿನ ಬೂತಿನವನಿಗೆ ದಕ್ಕುವುದು ಲೀಟರಿಗೆ ಅಲ್ಪ ಕಮಿಷನ್, ಅವನ ಫೋನಿನಲ್ಲಿ ದಾಖಲಾಗುವುದು ಹಾಲಿನ ಪೂರ್ತಿ ಬೆಲೆ. ಭಾವಮೈದುನ ಕೊಟ್ಟ ಕೈಸಾಲವೂ ಚೀಟಿಯ ಹಣವೂ ಅದೇ ಫೋನಿಗೆ ಬರುತ್ತವೆ. ಹಾಲು, ತರಕಾರಿಗಳಿಗೆ ಜಿಎಸ್‌ಟಿಯೇ ಇಲ್ಲ. ಹಾಗಿದ್ದೂ ಅವುಗಳನ್ನು ಮಾರುವವರಿಗೆ ನೋಟಿಸು ತಲುಪಿತು! ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಭರವಸೆ ನೀಡಬೇಕಾಯಿತು.

ಇದನ್ನು ಒಂದು ಇಲಾಖೆಯ ಅವಸರವೆಂದು ಬದಿಗೆ ಸರಿಸುವಂತಿಲ್ಲ. ಡಿಜಿಟಲೀಕರಣದ ಯಶಸ್ಸನ್ನು ನಾವು ವಹಿವಾಟುಗಳ ಸಂಖ್ಯೆಯಿಂದಲೇ ಅಳೆಯುತ್ತಾ ಬಂದಿದ್ದೇವೆ. 2016ರಲ್ಲಿ ಆರಂಭವಾದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟುಗಳನ್ನು ದಾಟಿತು. ಸಣ್ಣ ಸಾಧನೆಯೇನಲ್ಲ. ಆದರೆ ತಳ್ಳುಗಾಡಿಯು ಅಂಗಡಿಯಾಯಿತೇ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಅದನ್ನು ತಿಳಿಯುವ ದಾರಿಯನ್ನು ಕೆನ್ಯಾದಲ್ಲಿ ನೋಡಬಹುದು. ಅಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣ ವ್ಯವಸ್ಥೆ ಬಂತು. ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ವರ್ಷಗಳ ಕಾಲ ಅವೇ ಕುಟುಂಬಗಳನ್ನು ಮತ್ತೆ ಮತ್ತೆ ವಿಚಾರಿಸಿದರು. ಸುಮಾರು 1,85,000 ಮಹಿಳೆಯರು ಕೃಷಿಯಿಂದ ವ್ಯಾಪಾರದತ್ತ ಹೊರಳಿದರೆಂದು 2016ರಲ್ಲಿ ಅಂದಾಜು ಮಾಡಿದರು. ಮುಳುಗಿದ ವ್ಯಾಪಾರಗಳನ್ನೂ ಏರಿದ ಸಾಲವನ್ನೂ ಆ ಅಧ್ಯಯನ ಲೆಕ್ಕಕ್ಕೆ ಹಿಡಿದಿಲ್ಲವೆಂದು ಬೇರೆ ವಿದ್ವಾಂಸರು ಆಕ್ಷೇಪಿಸಿದರು. ಚರ್ಚೆಯೆಂದರೆ ಹೀಗಿರಬೇಕು.

ನಮ್ಮ ಸರಕಾರದ ಬಳಿ ನೋಟಿಸು ಪಡೆದ ಸಾವಿರಾರು ವ್ಯಾಪಾರಿಗಳ ಪಟ್ಟಿಯಿದೆ. ಅವರೊಡನೆ ಮಾತನಾಡುವ ಕೆಲಸವನ್ನು ತೆರಿಗೆ ಅಧಿಕಾರಿಗಳಿಗಲ್ಲ, ವಿಶ್ವವಿದ್ಯಾನಿಲಯಗಳಿಗೆ ವಹಿಸಲಿ. ಕೊಟ್ಟ ಉತ್ತರ ಇಲಾಖೆಗೆ ಹೋಗದೆಂಬ ಲಿಖಿತ ಭರವಸೆಯೂ ಇರಲಿ. ಕ್ಯುಆರ್ ಕೋಡ್ ಬಂದ ಮೇಲೆ ಬ್ಯಾಂಕ್ ಸಾಲ ಕೊಟ್ಟಿತೇ, ಇನ್ನೊಬ್ಬನಿಗೆ ಕೆಲಸ ಕೊಡುವಷ್ಟು ವ್ಯಾಪಾರ ಬೆಳೆಯಿತೇ, ಕಿತ್ತು ಹಾಕಿದ ಕೋಡನ್ನು ಮರಳಿ ಅಂಟಿಸಿದರೇ ಎಂದು ಅಂಗಡಿಯ ಬಾಗಿಲಲ್ಲೇ ನಿಂತು ಕೇಳಲಿ. ಮುಚ್ಚಿದ ಅಂಗಡಿಗಳ ಮಾಲೀಕರನ್ನೂ ಹುಡುಕಿ ಕೇಳಲಿ.